ಮಗಳು ರಬ್ಬಿಯ ಮನೆಗೆ ಹೋಗಲಿ, ಮೇಷ್ಟರೇ

ಶಿವಮೊಗ್ಗದ ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು ಬರೆದ ಪತ್ರದ ಸಾರ ಇದು: ಅಮೆರಿಕದಲ್ಲಿ ಓದುತ್ತಿರುವ ಅವರ ಮಗಳಿಗೆ, ಅಲ್ಲಿನ ರಬ್ಬಿಯೊಬ್ಬರನ್ನು, ಅಂದರೆ ಯಹೂದಿ ಧರ್ಮಗುರುವನ್ನು, ಸಂದರ್ಶಿಸಿ ಯಹೂದಿ ಧರ್ಮದ ಬಗ್ಗೆ ಬರೆಯುವಂತೆ ಕಾಲೇಜಿನಲ್ಲಿ ಹೇಳಿದ್ದಾರೆ. ಅವಳು ಪ್ರಶ್ನೆಗಳ ಪಟ್ಟಿಯನ್ನು ತಂದೆಗೆ ಕಳಿಸಿದಳು. "ಪುಸ್ತಕದಲ್ಲಿ ಸಿಗದ ಉತ್ತರ ಇದರಲ್ಲಿ ಒಂದೂ ಇಲ್ಲ. ಪಾಪ, ಆ ಮುದುಕರ ಸಮಯ ಯಾಕೆ ಹಾಳು ಮಾಡುತ್ತೀ, ಗ್ರಂಥಾಲಯದಲ್ಲಿ ಕುಳಿತುಕೋ ಎಂದೆ. ಮಾತು ಬಿಟ್ಟಿದ್ದಾಳೆ. ನೀವು ಯಾರ ಪಕ್ಷ?"

ಮೇಷ್ಟರೇ, ನಾನು ಮಗಳ ಪಕ್ಷ.

ರಬ್ಬಿಗಳಿಗೆ ಪುರುಸೊತ್ತಿಲ್ಲ ಎಂಬ ನಿಮ್ಮ ಕಳಕಳಿಗೆ ಆಧಾರವಿದೆ, ಒಪ್ಪಿದೆ. ರಬ್ಬಿಯೂ ವೈದ್ಯನೂ ಆಗಿದ್ದ ಮೈಮೊನಿಡೀಸ್ 1199ರಲ್ಲಿ, ತನ್ನನ್ನು ಕಾಣಲು ಬರುತ್ತೇನೆಂದ ಅನುವಾದಕನಿಗೆ ಬರೆದ ಕಾಗದ ಉಳಿದಿದೆ. ಬೆಳಿಗ್ಗೆ ಕೈರೋದ ಆಸ್ಥಾನಕ್ಕೆ ಹೋಗಬೇಕು, ಮಧ್ಯಾಹ್ನ ಹಸಿದು ಮರಳಿದರೆ ಮನೆಯ ತುಂಬ ರೋಗಿಗಳು, ಕೈ ತೊಳೆದು ದಿನದ ಒಂದೇ ಊಟ ಮಾಡುವವರೆಗೆ ತಾಳಿ ಎಂದು ಅವರನ್ನೇ ಬೇಡಿಕೊಳ್ಳಬೇಕು, ರಾತ್ರಿ ಸುಸ್ತಿನಿಂದ ಮಲಗಿಕೊಂಡೇ ಔಷಧಿ ಹೇಳಬೇಕು. ನಿನ್ನೊಡನೆ ಒಂದು ಗಳಿಗೆಯಾದರೂ ಏಕಾಂತದಲ್ಲಿ ಕೂರುತ್ತೇನೆಂಬ ಆಸೆ ಬೇಡ ಎನ್ನುತ್ತಾನೆ. ನಿಮ್ಮ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಾರದು, ಇಟ್ಟುಕೊಳ್ಳಿ.

ಆದರೆ ಅದೇ ಮನುಷ್ಯ ದೂರದೂರದಿಂದ ಬಂದ ಪ್ರಶ್ನೆಗಳಿಗೆ ಉತ್ತರ ಬರೆಯುವುದನ್ನು ಬಿಡಲಿಲ್ಲ. ಬೇರೆ ಧರ್ಮದಿಂದ ಬಂದ ಒಬದಯ ಎಂಬಾತ ಕೇಳಿದ್ದ: ಪ್ರಾರ್ಥನೆಯಲ್ಲಿ "ನಮ್ಮ ಪಿತೃಗಳ ದೇವರೇ" ಎಂದು ನಾನು ಹೇಳಬಹುದೇ, ನನ್ನ ಪಿತೃಗಳು ಯಹೂದಿಗಳಲ್ಲವಲ್ಲ? ಎಲ್ಲರಂತೆಯೇ ಹೇಳು, ಒಂದು ಮಾತನ್ನೂ ಬದಲಿಸಬೇಡ, ಅಬ್ರಹಾಮನು ನಿನಗೂ ತಂದೆ ಎಂದು ಮೈಮೊನಿಡೀಸ್ ಉತ್ತರಿಸಿದ. ಯಹೂದಿಗಳಲ್ಲಿ ಇಂಥ ಪ್ರಶ್ನೋತ್ತರಗಳದೇ ಒಂದು ದೊಡ್ಡ ಸಾಹಿತ್ಯವಿದೆ. ಒಂಬತ್ತನೆಯ ಶತಮಾನದಲ್ಲಿ ರಬ್ಬಿ ಅಮ್ರಾಮ್ ಸಿದ್ಧಪಡಿಸಿದ, ಉಳಿದಿರುವವುಗಳಲ್ಲಿ ಅತ್ಯಂತ ಹಳೆಯ ಪ್ರಾರ್ಥನಾ ಕ್ರಮವೂ ಸ್ಪೇನಿನವರು ಬರೆದ ಕಾಗದಕ್ಕೆ ಬಾಗ್ದಾದಿನ ಕಡೆಯಿಂದ ಹೋದ ಉತ್ತರವೇ. ಓದುಗರ ಕಾಗದಗಳನ್ನು ನಂಬಿ ಬದುಕುವ ನನ್ನಂಥವನಿಗೆ ಈ ಧರ್ಮದ ಮೇಲೆ ಪ್ರೀತಿ ಉಕ್ಕದೆ ಇರುತ್ತದೆಯೇ!

ಇಲ್ಲಿ ಒಂದು ಅಡ್ಡ ಮಾತು. ದೇವರ ಹೆಸರಿರುವ ಬರಹವನ್ನು ಹರಿದು ಎಸೆಯಬಾರದೆಂದು ಹಳೆಯ ಕೈರೋದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರ ಕೋಣೆಯಲ್ಲಿ ಕಾಗದಗಳನ್ನು ತುಂಬಿಡುತ್ತಿದ್ದರು. ಮೈಮೊನಿಡೀಸ್ ಸ್ವಂತ ಕೈಯಲ್ಲಿ ಬರೆದ ಉತ್ತರಗಳು ಸಿಕ್ಕಿದ್ದು ಅಲ್ಲಿ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ನೆಲೆಸಿ ಮೆಣಸು, ಏಲಕ್ಕಿ, ಕಬ್ಬಿಣದ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿಯ ಕಾಗದಪತ್ರಗಳು ಸಿಕ್ಕಿದ್ದೂ ಅಲ್ಲಿಯೇ. ಇತಿಹಾಸದ ಮೇಷ್ಟರಿಗೆ ನಾನು ಹೇಳಬೇಕೆ?

ಯಹೂದಿಗಳ ಪಸ್ಕ ಹಬ್ಬದ ರಾತ್ರಿ ಮನೆಯ ಅತಿ ಚಿಕ್ಕ ಮಗು "ಈ ರಾತ್ರಿ ಮಿಕ್ಕ ರಾತ್ರಿಗಳಿಗಿಂತ ಹೇಗೆ ಬೇರೆ?" ಎಂದು ಕೇಳಬೇಕು, ಆಮೇಲೆಯೇ ಈಜಿಪ್ಟಿನಿಂದ ಬಿಡುಗಡೆಯಾದ ಕಥೆ. ಒಬ್ಬನೇ ಇರುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕೆಂದು ಅವರ ಧರ್ಮಚರ್ಚೆಗಳ ಗ್ರಂಥವಾದ ತಾಲ್ಮುಡ್ ವಿಧಿಸುತ್ತದೆ. ತಾಲ್ಮುಡ್‌ನ ಅಚ್ಚಾದ ಪುಟವನ್ನು ನೋಡಿದ್ದೀರಾ? ನಡುವೆ ಮೂಲ, ಒಂದು ಪಕ್ಕದಲ್ಲಿ ಹನ್ನೊಂದನೆಯ ಶತಮಾನದ ಫ್ರಾನ್ಸಿನ ರಾಶಿ ಎಂಬ ರಬ್ಬಿ ಬರೆದ ವ್ಯಾಖ್ಯಾನ, ಇನ್ನೊಂದು ಪಕ್ಕದಲ್ಲಿ ಆತನ ಮೊಮ್ಮಕ್ಕಳೂ ಅವರ ಶಿಷ್ಯರೂ ಎತ್ತಿದ ಆಕ್ಷೇಪಣೆಗಳು. ತಾತನನ್ನು ಮೊಮ್ಮಕ್ಕಳು ಅದೇ ಪುಟದಲ್ಲಿ ಪ್ರಶ್ನಿಸುತ್ತಾರೆ, ಎಲ್ಲರೂ ಎರಡನ್ನೂ ಓದುತ್ತಾರೆ. ಇಂಥ ಧರ್ಮವನ್ನು ಯಾರನ್ನೂ ಕೇಳದೆ ಕಲಿಯಲು ಮಗಳಿಗೆ ಹೇಳುತ್ತಿದ್ದೀರಲ್ಲ!

ಅವಳ ಪಟ್ಟಿ ಸಪ್ಪೆಯಾಗಿದೆ, ಅದು ನಿಜ. "ಯಹೂದಿ ಧರ್ಮದ ಮೂಲತತ್ವಗಳೇನು?" ಎಂದು ಕೇಳಿದರೆ ರಬ್ಬಿ ಪಠ್ಯಪುಸ್ತಕದಂತೆಯೇ ಮಾತಾಡುತ್ತಾರೆ. ಅಡುಗೆಮನೆಯಿಂದ ಆರಂಭಿಸಲಿ. ಮರಿಯನ್ನು ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಮಾತು ಅವರ ಮೂಲ ಧರ್ಮಗ್ರಂಥವಾದ ತೋರಾದಲ್ಲಿ ಮೂರು ಸಲ ಬರುತ್ತದೆ. ಅದರಿಂದಲೇ ಮಾಂಸಕ್ಕೂ ಹಾಲಿಗೂ ಬೇರೆಬೇರೆ ಪಾತ್ರೆ, ಮಾಂಸ ತಿಂದ ಮೇಲೆ ಹಾಲು ಮುಟ್ಟಲು ಇಷ್ಟು ಹೊತ್ತಿನ ಅಂತರ. ಎಷ್ಟು ಹೊತ್ತು? ಹಾಲೆಂಡಿನ ಮೂಲದವರಲ್ಲಿ ಒಂದು ಗಂಟೆ, ಜರ್ಮನಿಯ ಕಡೆಯವರಲ್ಲಿ ಮೂರು, ಬಹಳಷ್ಟು ಜನರಲ್ಲಿ ಆರು. ನಿಮ್ಮ ಮನೆಯಲ್ಲಿ ಎಷ್ಟು ಗಂಟೆ ಎಂದು ಒಮ್ಮೆ ಕೇಳಲಿ. ಅವರ ಅಜ್ಜಿ ಯಾವ ದೇಶದಿಂದ ಹಡಗು ಹತ್ತಿದಳು ಎನ್ನುವವರೆಗೆ ಮಾತು ಹೋಗುತ್ತದೆ.

ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಇದೇ ಉಪಾಯದ ಕಥೆ ಹೇಳುತ್ತಾರೆ. ಅವರಲ್ಲಿ ರಬ್ಬಿಗಳಿರಲಿಲ್ಲ, ಗ್ರಂಥಗಳೂ ಉಳಿದಿರಲಿಲ್ಲ. ಗಾಣದ ಎಣ್ಣೆ ತೆಗೆಯುತ್ತ, ಶನಿವಾರ ಕೆಲಸ ಮಾಡದೆ, ನೆರೆಯವರ ಬಾಯಲ್ಲಿ 'ಶನಿವಾರ್ ತೇಲಿ' ಎನಿಸಿಕೊಂಡಿದ್ದರು. ಡೇವಿಡ್ ರಹಾಬಿ ಎಂಬ ಹೊರಗಿನ ಯಹೂದಿಯೊಬ್ಬ ಬಂದು ಹೆಂಗಸರ ಕೈಗೆ ಬೆರಕೆ ಮೀನು ಕೊಟ್ಟು ಅಡುಗೆ ಮಾಡಲು ಹೇಳಿದನಂತೆ. ಯಹೂದಿಗಳು ತಿನ್ನಬಾರದ, ರೆಕ್ಕೆ, ಹುರುಪೆ ಇಲ್ಲದ ಮೀನುಗಳನ್ನು ಅವರು ಬದಿಗಿಟ್ಟರು. ಇವರು ನಮ್ಮವರೇ ಎಂದು ಅವನಿಗೆ ಖಾತ್ರಿಯಾಯಿತು. ದೇವರ ಸ್ವರೂಪವೇನು ಎಂದು ಕೇಳಿದ್ದರೆ ಬರಿಗೈಯಲ್ಲಿ ಮರಳುತ್ತಿದ್ದ.

ಆಮೇಲೆ ಕೇಳಲಿ: ಹೋದ ವಾರ ಜನ ನಿಮ್ಮ ಬಳಿ ಏನೇನು ಕೇಳಿಕೊಂಡು ಬಂದರು? ರಬ್ಬಿಯ ಕೆಲಸ ಪೂಜೆಯಲ್ಲ. ಪ್ರಾರ್ಥನೆಯನ್ನು ತಿಳಿದವರು ಯಾರಾದರೂ ನಡೆಸಬಹುದು. ರಬ್ಬಿ ಓದಿದವರು, ಧರ್ಮಸೂಕ್ಷ್ಮವನ್ನು ಬಿಡಿಸಿ ಹೇಳುವವರು. ಅಂದಹಾಗೆ, "ಮುದುಕರು" ಎಂದು ನೀವೇ ತೀರ್ಮಾನಿಸಿದ್ದೀರಿ. ರೆಜಿನಾ ಯೊನಾಸ್ ಎಂಬ ಮಹಿಳೆ ಜರ್ಮನಿಯಲ್ಲಿ ರಬ್ಬಿಯಾದದ್ದು 1935ರಲ್ಲಿ. ನಾಜಿಗಳು ಆಕೆಯನ್ನು ಆಶ್ವಿಟ್ಜ್‌ನಲ್ಲಿ ಕೊಂದರು. ಅಮೆರಿಕದಲ್ಲಿ ಸ್ಯಾಲಿ ಪ್ರೀಸಂಡ್ 1972ರಲ್ಲಿ ರಬ್ಬಿಯಾದರು. ಸಂಪ್ರದಾಯಸ್ಥ ಆರ್ಥೊಡಾಕ್ಸ್ ಪಂಥದ ಬಹುಪಾಲು ಇದನ್ನು ಇಂದಿಗೂ ಒಪ್ಪುವುದಿಲ್ಲ. ಹಾಗಾಗಿ ಯಾವ ಪಂಥದ ರಬ್ಬಿ ಎಂಬುದನ್ನು ಮಗಳು ಮೊದಲೇ ತಿಳಿದುಕೊಳ್ಳಲಿ. ಒಬ್ಬರ ಉತ್ತರವನ್ನು ಎಲ್ಲರ ತಲೆಗೆ ಕಟ್ಟುವುದು ಬೇಡ.

ನನಗೆ ಸಿಟ್ಟಿರುವುದು ನಿಮ್ಮ ಮೇಲಲ್ಲ, ನಮ್ಮ ವೃತ್ತಿಯ ಮೇಲೆ. ಸಂದರ್ಶನವೆಂದರೆ ಈಗ ಇಮೇಲಿನಲ್ಲಿ ಹೋಗುವ ಪ್ರಶ್ನೆಗಳು, ಆಪ್ತ ಸಹಾಯಕರು ಬರೆದು ಕಳಿಸುವ ಉತ್ತರಗಳು. ಹಬ್ಬದ ಪುರವಣಿ ಬಂತೆಂದರೆ ಸ್ವಾಮೀಜಿ, ಮೌಲವಿ, ಪಾದ್ರಿ ಮೂವರನ್ನೂ ಸಾಲಾಗಿ ನಿಲ್ಲಿಸಿ "ನಿಮ್ಮ ಸಂದೇಶವೇನು?" ಎನ್ನುತ್ತೇವೆ. ಮೂವರೂ ಶಾಂತಿ ಎನ್ನುತ್ತಾರೆ. ನಿನ್ನೆ ನಿಮ್ಮ ಮುಂದೆ ಬಂದ ಜಗಳ ಯಾವುದು, ಹೇಗೆ ತೀರಿಸಿದಿರಿ ಎಂದು ಕೇಳುವ ವರದಿಗಾರರನ್ನು ನಾನು ಹುಡುಕುತ್ತಲೇ ಇದ್ದೇನೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯಹೂದಿಗಳ ಸ್ಮಶಾನವಿದೆ. ಅದರ ಮುಂದೆ ಬಸ್ಸಿನಲ್ಲಿ ಓಡಾಡಿಯೇ ಇಸ್ರೇಲಿನ ರಾಜಕೀಯದ ಬಗ್ಗೆ ಪುಟಗಟ್ಟಲೆ ಬರೆಯುವವರು ನಮ್ಮಲ್ಲಿದ್ದಾರೆ. ಒಬ್ಬ ಯಹೂದಿಯ ಜೊತೆ ಕುಳಿತು ಮಾತಾಡಿದವರಲ್ಲ.

ಮಗಳಿಗೆ ಇಷ್ಟು ತಿಳಿಸಿ. ಶುಕ್ರವಾರ ಸೂರ್ಯ ಮುಳುಗುವ ಹೊತ್ತಿನಿಂದ ಶನಿವಾರ ನಕ್ಷತ್ರ ಕಾಣುವವರೆಗೆ ಸಬ್ಬತ್, ಅವರ ವಾರದ ವಿಶ್ರಾಂತಿಯ ದಿನ. ಆಗ ಫೋನ್ ಮಾಡಬಾರದು, ಧ್ವನಿಮುದ್ರಣವಂತೂ ಬೇಡ. ಆರ್ಥೊಡಾಕ್ಸ್ ರಬ್ಬಿಯಾದರೆ ಹೆಣ್ಣುಮಕ್ಕಳ ಕೈಕುಲುಕದೆ ಇರಬಹುದು, ಅದನ್ನು ಅವಮಾನವೆಂದು ಭಾವಿಸಬಾರದು. ಊರಿನಿಂದ ಹೋದ ಚಕ್ಕುಲಿ, ಕೋಡುಬಳೆ ಒಯ್ಯುವುದು ಬೇಡ. ಆಹಾರದ ನಿಯಮ ಪಾಲಿಸುವವರಾದರೆ ತಿನ್ನಲಾರದೆ, ಬೇಡವೆನ್ನಲಾರದೆ ಒದ್ದಾಡುತ್ತಾರೆ. ಕತ್ತರಿಸದ ಹಣ್ಣಾದರೆ ತೊಂದರೆಯಿಲ್ಲ.