ಷಿಕಾಗೋ ಚಳಿಯಲ್ಲಿ ಕರಿಬೇವು ಉಳಿಸುವುದು

ಅಕ್ಕಾರೆ ಎಂದು ಕರೆದು ಕೇಳಿದ್ದೀರಿ, ಅಕ್ಕನ ಹಾಗೇ ಹೇಳುತ್ತೇನೆ. ದಾವಣಗೆರೆಯಿಂದ ಜುಲೈನಲ್ಲಿ ಷಿಕಾಗೋ ಹತ್ತಿರ ಬಂದಿದ್ದೀರಿ. ಬೇರೆ ಊರಿಗೆ ಹೊರಟ ಕನ್ನಡದ ಮನೆಯವರೊಬ್ಬರು ನಿಮಗೆ ಕರಿಬೇವು, ದುಂಡುಮಲ್ಲಿಗೆ, ತುಳಸಿ ಕುಂಡಗಳನ್ನು ಕೊಟ್ಟು ಹೋಗಿದ್ದಾರೆ. ಬಾಡಿಗೆ ಮನೆಯ ಅಂಗಳದಲ್ಲಿ ಕೆಂಪು ಕಾಬಾಳೆಯೂ ಇದೆ. ಅಲ್ಲಿನ ಚಳಿಗೆ ಇವು ಬದುಕುತ್ತವಾ, ಇಲ್ಲ ಈಗಲೇ ಆಸೆ ಬಿಡಬೇಕಾ ಎಂದು ಕೇಳಿದ್ದೀರಿ.

ಬದುಕುತ್ತವೆ. ಆಸೆ ಬಿಡಬೇಡಿ. ಆದರೆ ಚಳಿಗಾಲದಲ್ಲಿ ಗಿಡ ಬೆಳೆಸುವ ಯೋಚನೆ ಬೇಡ. ಅಕ್ಟೋಬರಿಂದ ಏಪ್ರಿಲ್ ತನಕ ನಿಮ್ಮ ಕೆಲಸ ಅದನ್ನು ಉಳಿಸುವುದು ಮಾತ್ರ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ನೀರು, ಗೊಬ್ಬರ, ಬೆಳಕು ಎಲ್ಲದಕ್ಕೂ ಉತ್ತರ ಸಿಗುತ್ತದೆ.

ನಾನೀಗ ಗಣಪತಿ ಹಬ್ಬಕ್ಕೆ ಊರಿಗೆ, ದಾವಣಗೆರೆಗೆ ಬಂದಿದ್ದೇನೆ. ವಿದ್ಯಾನಗರದ ಅತ್ತೆ ಮನೆ ಹಿತ್ತಲಲ್ಲಿ ಕರಿಬೇವು ತಾರಸಿ ಮುಟ್ಟುವಷ್ಟು ಬೆಳೆದಿದೆ. ಅದಕ್ಕೆ ಯಾರೂ ಏನೂ ಮಾಡುವುದಿಲ್ಲ. ಪಾತ್ರೆ ತೊಳೆದ ನೀರು ಹರಿದು ಹೋಗಿ ಬುಡ ಸೇರುತ್ತದೆ, ಅಷ್ಟೇ. ಡಿಸೆಂಬರ್‌ನಲ್ಲಿ ರಾತ್ರಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದರೆ ಇಲ್ಲಿ ಎಲ್ಲರೂ ಸ್ವೆಟರ್, ಮಫ್ಲರ್ ತೆಗೆಯುತ್ತಾರೆ. ಗಿಡಕ್ಕೆ ಅದು ಲೆಕ್ಕಕ್ಕೇ ಇಲ್ಲ. ನಿಮ್ಮ ಷಿಕಾಗೋದಲ್ಲಿ 2019ರ ಜನವರಿ 30ರಂದು ಓ'ಹೇರ್ ವಿಮಾನ ನಿಲ್ದಾಣದ ಹತ್ತಿರ ಮೈನಸ್ 30 ದಾಟಿತ್ತು. ಪ್ರತಿ ವರ್ಷ ಅಷ್ಟು ಆಗುವುದಿಲ್ಲ, ಹೆದರಬೇಡಿ. ಆದರೂ ಮೈನಸ್ 20ರ ರಾತ್ರಿ ಬಂದರೆ ಅಲ್ಲಿ ಯಾರಿಗೂ ಆಶ್ಚರ್ಯವಿಲ್ಲ.

ಅಮೆರಿಕದ ಕೃಷಿ ಇಲಾಖೆ ಇಡೀ ದೇಶವನ್ನು ಚಳಿಗೆ ತಕ್ಕ ಹಾಗೆ ವಲಯಗಳಾಗಿ ಮಾಡಿದೆ. 2023ರಲ್ಲಿ ಅದರ ಹೊಸ ನಕ್ಷೆ ಬಂತು. ಸಂಖ್ಯೆ ಕಡಿಮೆಯಾದಷ್ಟು ಚಳಿ ಜಾಸ್ತಿ. ಷಿಕಾಗೋ ಸುತ್ತಮುತ್ತ 5 ಮತ್ತು 6ನೇ ವಲಯ. ಕರಿಬೇವು, ದುಂಡುಮಲ್ಲಿಗೆ ಹೊರಗೆ ನೆಲದಲ್ಲಿ ಬದುಕಬೇಕಾದರೆ 9 ಅಥವಾ ಅದಕ್ಕಿಂತ ಮೇಲಿನದು ಬೇಕು. ಹಾಗಾಗಿ ಗೋಣಿಚೀಲ ಸುತ್ತಿ, ಒಣ ಎಲೆ ಮುಚ್ಚಿ ಹೊರಗೇ ಬಿಡುತ್ತೇನೆ ಅಂದರೆ ಆಗುವುದಿಲ್ಲ. ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಚಿಕ್ಕ ಗ್ರೀನ್‌ಹೌಸ್ ಮಾರುತ್ತಾರೆ. ಹೀಟರ್ ಇಲ್ಲದೆ ಅದೂ ಜನವರಿಗೆ ಸಾಲದು. ದುಡ್ಡು ಹಾಕಬೇಡಿ.

ಒಳಗೆ ಯಾವಾಗ ತರಬೇಕು? ಮೊದಲ ಫ್ರಾಸ್ಟ್, ಅಂದರೆ ರಾತ್ರಿ ಎಲೆ, ಹುಲ್ಲಿನ ಮೇಲೆ ಹೆಪ್ಪುಗಟ್ಟುವ ಬಿಳಿ ಮಂಜು, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಬೀಳುತ್ತದೆ. ಆದರೆ ಅಲ್ಲಿಯ ತನಕ ಕಾಯಬಾರದು. ರಾತ್ರಿ ತಾಪಮಾನ 10 ಡಿಗ್ರಿಗೆ, ಅಂದರೆ ನಿಮ್ಮ ಫೋನಿನಲ್ಲಿ ಕಾಣುವ 50 ಫ್ಯಾರನ್‌ಹೀಟ್‌ಗೆ ಇಳಿಯುವ ಹೊತ್ತಿಗೆ ಕುಂಡ ಒಳಗಿರಬೇಕು. ನಮ್ಮ ಕಡೆಯ ಗಿಡಗಳಿಗೆ ಸೊನ್ನೆ ಮುಟ್ಟುವ ಮೊದಲೇ ಪೆಟ್ಟು ಬೀಳುತ್ತದೆ. ಮಣ್ಣು ತಣ್ಣಗಾದರೆ ಬೇರು ನೀರು ಎಳೆಯುವುದು ನಿಧಾನವಾಗುತ್ತದೆ. ಸೊನ್ನೆಗಿಂತ ಕೆಳಗೆ ಹೋದರೆ ಎಲೆಯೊಳಗಿನ ನೀರೇ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಎಲೆ ಕಪ್ಪಾಗಿ ಜೋತು ಬಿದ್ದಿರುತ್ತದೆ. ಇನ್ನೊಂದು ವಿಷಯ, ನೆಲದಲ್ಲಿರುವ ಬೇರಿಗಿಂತ ಕುಂಡದ ಬೇರಿಗೆ ಚಳಿ ಬೇಗ ತಟ್ಟುತ್ತದೆ. ಸುತ್ತ ಮಣ್ಣಿನ ಆಸರೆ ಇಲ್ಲ, ಅಲ್ವಾ.

ತರುವ ಮೊದಲು ಎಲೆಯ ಹಿಂಭಾಗ ನೋಡಿ. ಕರಿಬೇವಿನ ಕಾಂಡಕ್ಕೆ ಕಂದು ಬಣ್ಣದ ಚಿಕ್ಕ ಗುಬುಟು ಅಂಟಿಕೊಂಡಿದ್ದರೆ ಅದು ತೊಗಟೆಯಲ್ಲ, ರಸ ಹೀರುವ ಹುಳು. ಉಗುರಿನಿಂದ ಕೆರೆದರೆ ಬರುತ್ತದೆ. ಮಲ್ಲಿಗೆಯ ಗೆಣ್ಣಿನಲ್ಲಿ ಬಿಳಿ ಹತ್ತಿ ಸಿಕ್ಕಿದಂತೆ ಕಂಡರೆ ಹಿಟ್ಟು ತಿಗಣೆ. ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ (ಗಾಯ ಒರೆಸುವ ಸ್ಪಿರಿಟ್) ಹತ್ತಿ ಅದ್ದಿ ಒರೆಸಿ ತೆಗೆಯಿರಿ. ಆಮೇಲೆ ಇಡೀ ಗಿಡವನ್ನು ನೀರಿನಲ್ಲಿ ತೊಳೆದು, ಗಿಡಕ್ಕೆಂದೇ ಮಾರುವ ಸೋಪಿನ ದ್ರಾವಣ ಅಥವಾ ಬೇವಿನ ಎಣ್ಣೆ ಸಿಂಪಡಿಸಿ. ಹೊರಗಿದ್ದಾಗ ಜೇಡ, ಗುಲಗಂಜಿ ಹುಳುಗಳು ಇವನ್ನು ತಿಂದು ಹಿಡಿತದಲ್ಲಿ ಇಡುತ್ತವೆ. ಮನೆಯೊಳಗೆ ತಿನ್ನುವವರು ಯಾರೂ ಇಲ್ಲ. ಒಂದು ಉಳಿದರೂ ಡಿಸೆಂಬರ್ ಹೊತ್ತಿಗೆ ಗಿಡದ ತುಂಬ ಆಗುತ್ತವೆ.

ಇನ್ನು ಬೆಳಕು. ಚಳಿಗಿಂತ ಇದೇ ದೊಡ್ಡ ಕಷ್ಟ ಎಂದು ನನ್ನ ಅನಿಸಿಕೆ. ದಾವಣಗೆರೆಯಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ಜಾಸ್ತಿ. ಷಿಕಾಗೋದಲ್ಲಿ ಡಿಸೆಂಬರ್ 21ರ ಹೊತ್ತಿಗೆ ಹಗಲು 9 ಗಂಟೆ ಚಿಲ್ಲರೆ. ಅದರಲ್ಲೂ ಮೋಡ ಜಾಸ್ತಿ, ಬಿಸಿಲು ಓರೆ. ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿ ಯಾವುದು ನೋಡಿ, ಕರಿಬೇವು, ಮಲ್ಲಿಗೆ ಎರಡಕ್ಕೂ ಅದೇ ಜಾಗ. ಎಲೆ ಗಾಜಿಗೆ ತಾಗದಿರಲಿ. ಆಗಲೂ ಸಾಲದಿದ್ದರೆ ಒಂದು ಎಲ್‌ಇಡಿ ಗ್ರೋ ಲೈಟ್, ಅಂದರೆ ಗಿಡಕ್ಕೆಂದೇ ಮಾಡಿದ ದೀಪ, ತನ್ನಿ. ಗಿಡದ ತುದಿಯಿಂದ ಒಂದು ಅಡಿ ಮೇಲೆ ತೂಗುಹಾಕಿ, ಟೈಮರ್ ಇಟ್ಟು 12ರಿಂದ 14 ಗಂಟೆ ಉರಿಸಿ. ರಾತ್ರಿ ಆರಿಸಬೇಕು, ಗಿಡಕ್ಕೂ ಕತ್ತಲು ಬೇಕು.

ನೀರಿನ ಮಾತಿಗೆ ಬರುತ್ತೇನೆ. ನಮ್ಮ ಅತ್ತೆ 'ದಿನಾ ಒಂದು ಚೊಂಬು ಹಾಕಮ್ಮ' ಎನ್ನುತ್ತಾರೆ. ನಿಮ್ಮ ಅಮ್ಮನೂ ಫೋನಿನಲ್ಲಿ ಅದನ್ನೇ ಹೇಳುತ್ತಾರೆ, ನೋಡುತ್ತಿರಿ. ಇಲ್ಲಿಯ ಏಪ್ರಿಲ್ ಬಿಸಿಲಿಗೆ ಅದು ಸರಿಯಾದ ಮಾತೇ. ಅಲ್ಲಿ ಬೆಳಕಿಲ್ಲದ ಜನವರಿಯಲ್ಲಿ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತದೆ. ನನಗೆ ಗೊತ್ತಿರುವ ಮನೆಗಳಲ್ಲಿ ಚಳಿಗೆ ಸತ್ತ ಕರಿಬೇವಿಗಿಂತ ಅಕ್ಕರೆಯ ನೀರಿಗೆ ಸತ್ತದ್ದೇ ಜಾಸ್ತಿ. ಬೆರಳಿನ ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ. ಒಣಗಿದ್ದರೆ ಮಾತ್ರ ನೀರು, ಅದೂ ಉಗುರುಬೆಚ್ಚಗೆ. ಕೊಳಾಯಿಯಿಂದ ಬರುವ ಐಸ್‌ನಂಥ ನೀರು ನೇರ ಹಾಕಬೇಡಿ. ಕುಂಡ ಎತ್ತಿ ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ನೀರಿದ್ದಾಗಿನ ತೂಕ, ಒಣಗಿದಾಗಿನ ತೂಕ ಕೈಗೇ ಗೊತ್ತಾಗುತ್ತದೆ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಗೊಬ್ಬರ ಮಾರ್ಚ್ ತನಕ ಬೇಡವೇ ಬೇಡ.

ಮಣ್ಣಿಗೆ ನೀರು ಕಡಿಮೆ ಸಾಕು, ಗಾಳಿಗೆ ಮಾತ್ರ ತೇವ ಬೇಕು. ಚಿತ್ರದುರ್ಗದ ಬೇಸಿಗೆ ಗಾಳಿ ನಿಮಗೆ ಗೊತ್ತಲ್ಲ, ತುಟಿ ಒಡೆಯುವ ಗಾಳಿ. ಹೀಟರ್ ಓಡುವ ಮನೆಯೊಳಗೆ ಗಾಳಿ ಅಷ್ಟೇ ಒಣಗಿರುತ್ತದೆ. ಬಿಸಿ ಗಾಳಿ ಬರುವ ಕಿಂಡಿಯ ಎದುರು ಕುಂಡ ಇಡಬೇಡಿ. ಹ್ಯುಮಿಡಿಫೈಯರ್ ಇದ್ದರೆ ಒಳ್ಳೆಯದು, ನಿಮ್ಮ ಮೂಗು, ಗಂಟಲಿಗೂ ಆರಾಮ. ಒಣಗಾಳಿಯಲ್ಲಿ ಎಲೆಯ ಹಿಂದೆ ನುಸಿ ಬಲೆ ಕಟ್ಟುತ್ತದೆ, ಎಲೆ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕೆ ಬರುತ್ತವೆ. ವಾರಕ್ಕೊಮ್ಮೆ ಬಾತ್‌ರೂಮಿಗೆ ಒಯ್ದು, ಮಣ್ಣಿಗೆ ಪ್ಲಾಸ್ಟಿಕ್ ಮುಚ್ಚಿ, ಎಲೆಗೆ ಮಾತ್ರ ಶವರ್ ಹಿಡಿಯಿರಿ.

ಈಗ ನಿಮಗೆ ಗಾಬರಿ ಆಗುವ ಸಂಗತಿ ಹೇಳಿಬಿಡುತ್ತೇನೆ. ಜನವರಿ ಹೊತ್ತಿಗೆ ಕರಿಬೇವಿನ ಎಲೆ ಹಳದಿಯಾಗಿ ಉದುರಬಹುದು. ಪೂರ್ತಿ ಬೋಳಾಗಿ ಬರೀ ಕಡ್ಡಿ ನಿಲ್ಲಬಹುದು. ಎಸೆಯಬೇಡಿ! ಕಾಂಡದ ಒಂದು ಕಡೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಕಂದು ಸಿಪ್ಪೆಯ ಕೆಳಗೆ ಹಸಿರು, ಒದ್ದೆ ಕಂಡರೆ ಗಿಡ ಜೀವಂತವಾಗಿದೆ. ತುದಿ ಒಣಗಿದ್ದರೂ ಬುಡದ ಹತ್ತಿರ ಕೆರೆದು ನೋಡಿ. ಎಲೆ ಇಲ್ಲದ ಗಿಡ ನೀರು ಕುಡಿಯುವುದು ಇನ್ನೂ ಕಡಿಮೆ, ಆಗ ಕನಿಕರದಿಂದ ಜಾಸ್ತಿ ಹಾಕಲು ಕೈ ಹೋಗುತ್ತದೆ. ಅಲ್ಲೇ ತಡೆಯಬೇಕು. ಫೆಬ್ರವರಿ ಕೊನೆಗೆ ಒಣಗಿದ ತುದಿ ಕತ್ತರಿಸಿ. ಹಗಲು ಉದ್ದವಾಗುತ್ತಿದ್ದಂತೆ ಚಿಗುರು ಬರುತ್ತದೆ. ಒಗ್ಗರಣೆಗೆ ಆತುರ ಮಾಡದೆ ಆ ಮೊದಲ ಚಿಗುರನ್ನು ಗಿಡಕ್ಕೇ ಬಿಡಿ.

ಮಲ್ಲಿಗೆ ಇಷ್ಟು ಕಾಡುವುದಿಲ್ಲ. ಸ್ವಲ್ಪ ತಂಪು ಕೋಣೆ, 15 ಡಿಗ್ರಿ ಇದ್ದರೂ ಸುಮ್ನೆ ಇರುತ್ತದೆ. ಚಳಿಗಾಲದ ಕೊನೆಗೆ ಕತ್ತರಿಸಿ ಸವರಿದರೆ ಹೊಸ ರೆಂಬೆಯಲ್ಲಿ ಬೇಸಿಗೆಗೆ ಮೊಗ್ಗು. ಹಡಗಲಿ ಮಲ್ಲಿಗೆಯ ದಂಡೆ ನೆನಪಿಟ್ಟುಕೊಂಡು ಲೆಕ್ಕ ಹಾಕಬೇಡಿ, ಆದರೆ ಪೂಜೆಗೆ ಬೊಗಸೆ ಹೂ ಸಿಗುತ್ತದೆ. ತುಳಸಿಗೆ ಆಯುಸ್ಸೇ ಕಡಿಮೆ. ಈಗಲೇ ಒಣಗಿದ ತೆನೆ ಉಜ್ಜಿ ಬೀಜ ಎತ್ತಿಡಿ, ಮಾರ್ಚ್‌ನಲ್ಲಿ ಕಿಟಕಿ ಹತ್ತಿರ ಬಿತ್ತಬಹುದು.

ಕಾಬಾಳೆಯದ್ದು ಬೇರೆಯೇ ದಾರಿ. ಮೊದಲ ಫ್ರಾಸ್ಟ್‌ಗೆ ಅದರ ಎಲೆ ಕಪ್ಪಾಗಲಿ, ತೊಂದರೆಯಿಲ್ಲ. ಆಮೇಲೆ ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಗೆಡ್ಡೆ ಅಗೆದು, ಮಣ್ಣು ಕೊಡವಿ, ಕೆಲವು ದಿನ ಆರಿಸಿ. ಕಾಗದದ ಚೀಲದಲ್ಲಿ ಒಣ ಪೀಟ್ (ಕುಂಡಕ್ಕೆ ಹಾಕುವ ಹಗುರವಾದ ಪಾಚಿ ಪುಡಿ) ಜೊತೆ ಹಾಕಿ ಬೇಸ್‌ಮೆಂಟಿನ ತಂಪು ಮೂಲೆಯಲ್ಲಿಡಿ. 5ರಿಂದ 10 ಡಿಗ್ರಿ ಸಾಕು. ಮನೆ ಮಾಲೀಕರಿಗೆ ಒಂದು ಮಾತು ಹೇಳಿ ಅಗೆಯಿರಿ.

ಅಮ್ಮ ಬರುವಾಗ ಊರಿಂದ ಕರಿಬೇವಿನ ಸಸಿ ತರಿಸಲಾ ಎಂದೂ ಕೇಳಿದ್ದೀರಿ. ಬೇಡ. ಸಸಿ, ಹಸಿ ಎಲೆ ಎರಡನ್ನೂ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ಅದಕ್ಕೆ ಕಾರಣವೂ ಇದೆ. ಕರಿಬೇವು ನಿಂಬೆ, ಕಿತ್ತಳೆ ಕುಟುಂಬದ್ದು. ಅದರ ಮೇಲೆ ಬರುವ ಒಂದು ಚಿಕ್ಕ ಹುಳು ಕಿತ್ತಳೆ ತೋಟಗಳಿಗೆ ಗ್ರೀನಿಂಗ್ ರೋಗ ಹರಡುತ್ತದೆ. ಆ ರೋಗ 2005ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡು ಅಲ್ಲಿನ ರೈತರನ್ನು ನೆಲ ಹಿಡಿಸಿದೆ. ಚನ್ನಗಿರಿ ಕಡೆ ಅಡಿಕೆಗೆ ರೋಗ ಬಂದರೆ ಮನೆಮಂದಿಯ ಮುಖ ಹೇಗಾಗುತ್ತದೆ ಎಂದು ನೋಡಿದವರು ನಾವು. ಈಗಿರುವ ಗಿಡವನ್ನೇ ಚೆನ್ನಾಗಿ ನೋಡಿಕೊಳ್ಳಿ.

ಮತ್ತೆ ಹೊರಗೆ ಇಡುವುದು ಮೇ ಮಧ್ಯದ ನಂತರ. ಮೊದಲು ನೆರಳಿಗೆ, ದಿನಕ್ಕೆ ಒಂದೆರಡು ಗಂಟೆ. ವಾರ ಹತ್ತು ದಿನದಲ್ಲಿ ನಿಧಾನಕ್ಕೆ ಬಿಸಿಲಿಗೆ. ಒಮ್ಮೆಲೇ ಇಟ್ಟರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ.

ನಾನು ವಾಪಸ್ ಬರುವುದು ಅಕ್ಟೋಬರ್‌ನಲ್ಲಿ. ಒಂದು ಗ್ರೋ ಲೈಟ್ ನಮ್ಮ ಮನೆಯಲ್ಲಿ ಹೆಚ್ಚಿಗೆ ಇದೆ, ಕೊಡುತ್ತೇನೆ. ಅಷ್ಟರೊಳಗೆ ರಾತ್ರಿ 50 ಫ್ಯಾರನ್‌ಹೀಟ್‌ಗೆ ಇಳಿದರೆ ನನಗಾಗಿ ಕಾಯಬೇಡಿ, ಅವತ್ತೇ ಕುಂಡ ಒಳಗೆ ತಂದುಬಿಡಿ.