ಬೀಗರ ಬಾವಿ, ನಮ್ಮ ಎರೆಮಣ್ಣು

ಪ್ರಶ್ನೆ: ಅಕ್ಕಾವ್ರೇ ನಮಸ್ಕಾರ. ನಮ್ಮದು ಗಂಗಾವತಿ ತಾಲ್ಲೂಕಿನ ಹಳ್ಳಿ, ಎರೆಭೂಮಿ. ಮಗಳನ್ನು ಕುಮಟಾ ಕಡೆ, ಸಮುದ್ರದ ಹತ್ತಿರದ ಊರಿಗೆ ಕೊಟ್ಟಿದ್ದೇವೆ. ಮಳೆಗಾಲ ಬಂದರೆ ಅವರ ಬಾವಿ ನೀರು ವಾಸನೆ ಬರುತ್ತದಂತೆ. ಬಾವಿಯಿಂದ ಏಳೆಂಟು ಹೆಜ್ಜೆಗೇ ಶೌಚದ ಗುಂಡಿ ಇದೆ. "ಇಷ್ಟು ವರ್ಷ ಆದರೂ ನಮ್ಮ ಗುಂಡಿ ತುಂಬಿಲ್ಲ, ಅದರಿಂದೇನೂ ತೊಂದರೆ ಇಲ್ಲ" ಅಂತಾರೆ ಬೀಗರು. ನಮ್ಮ ಮನೇಲಿ ಉಲ್ಟಾ. ಬಚ್ಚಲ ನೀರಿಗೆ ತೋಡಿಸಿದ ಇಂಗುಗುಂಡಿ ಒಂದೇ ಮಳೆಗೆ ತುಂಬಿ ಓಣಿಗೆ ಹರಿಯುತ್ತದೆ. ಎರಡೂ ಕಡೆ ಏನು ಮಾಡಬೇಕು?

ಉತ್ತರ: ಅಣ್ಣಾವ್ರೇ, ಮೊದಲು ಮಗಳಿಗೆ ಫೋನ್ ಮಾಡಿ. ಕುಡಿಯುವ ನೀರನ್ನು ಇವತ್ತಿನಿಂದಲೇ ಚೆನ್ನಾಗಿ ಕುದಿಸಲಿ. ಆಮೇಲೆ ಪಂಚಾಯ್ತಿಯಲ್ಲಿ ನೀರು ಪರೀಕ್ಷೆಯ ಚಿಕ್ಕ ಬಾಟಲಿ ಇದೆಯಾ ಕೇಳಲಿ. ಗುರುತಿನವರೆಗೆ ಬಾವಿ ನೀರು ತುಂಬಿ ಮುಚ್ಚಿಟ್ಟು, ಒಂದೆರಡು ದಿನದಲ್ಲಿ ಕಪ್ಪಗಾದರೆ ಮಲದ ಅಂಶ ಸೇರಿರುವ ಸಂಭವ ಜಾಸ್ತಿ.

ಎಷ್ಟು ವರ್ಷವಾದರೂ ತುಂಬದ ಗುಂಡಿ ಅಂದರೆ ನನಗೆ ಭಯ. ಒಳಗೆ ಹೋದ ನೀರು ಎಲ್ಲಿಗಾದರೂ ಹೋಗಲೇಬೇಕು ಅಲ್ವಾ? ಕರಾವಳಿಯ ಉಸುಕಿನ ನೆಲದಲ್ಲಿ ಅದು ಬೇಗ ಇಳಿಯುತ್ತದೆ. ಜಂಬಿಟ್ಟಿಗೆ ಕಲ್ಲಿನ ಸಂದುಗಳಲ್ಲೂ ಅಷ್ಟೇ. ನಮ್ಮ ಕೊಪ್ಪಳದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅಲ್ಲಿ 3000 ದಾಟುತ್ತದೆ. ಜುಲೈನಲ್ಲಿ ಬಾವಿ ನೀರು ನೆಲದ ಮಟ್ಟಕ್ಕೆ ಹತ್ತಿರ ಬಂದಿರುತ್ತದೆ, ಅಂದರೆ ಗುಂಡಿಯ ತಳ ಅಂತರ್ಜಲದಲ್ಲೇ ಮುಳುಗಿರುತ್ತದೆ. ಮಣ್ಣು ಸೋಸುವುದಕ್ಕೆ ಜಾಗವೇ ಇಲ್ಲ. ಬಾವಿಗೂ ಗುಂಡಿಗೂ ಕನಿಷ್ಠ 15 ಮೀಟರ್ ದೂರ, ಗುಂಡಿಯ ತಳದಿಂದ ನೀರಿನ ಮಟ್ಟಕ್ಕೆ 2 ಮೀಟರ್ ಅಂತರ ಇರಲಿ ಅನ್ನುವುದು ಇದಕ್ಕೇ.

ಅಲ್ಲಿಗೆ ಬೇಕಾದ್ದು ತಳ, ಗೋಡೆ ಎರಡೂ ಸೋರದ, ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕ್. ತಳಕ್ಕೆ ಕಾಂಕ್ರೀಟ್ ಹಾಕಿ ಒಳಗೆ ಗಿಲಾವು ಮಾಡಿಸಲೇಬೇಕು. ಆದರೆ ಟ್ಯಾಂಕ್‌ನಲ್ಲಿ ರಾಡಿ ಕೆಳಗೆ ಕೂರುತ್ತದೆ ಅಷ್ಟೇ, ಹೊರಗೆ ಬರುವ ನೀರಿನಲ್ಲಿ ರೋಗಾಣು ಇದ್ದೇ ಇರುತ್ತವೆ. ಅದನ್ನು ನೆಲಕ್ಕಿಂತ ಎತ್ತರಿಸಿ ಕಟ್ಟಿದ, ಸೋರದ ಜಲ್ಲಿ ತೊಟ್ಟಿಗೆ ಬಿಡಬೇಕು. ಎರಡಡಿ ಜಲ್ಲಿ, ಮೇಲೆ ಕಾಬಾಳೆ ಗಿಡ. ನೀರು ಜಲ್ಲಿಯ ಮೇಲ್ಮೈಗಿಂತ ಮೂರು ನಾಲ್ಕು ಇಂಚು ಕೆಳಗೇ ಹರಿಯಬೇಕು. ಹಾಗಾದರೆ ಸೊಳ್ಳೆಗೆ ಮೊಟ್ಟೆ ಇಡಲು ನೀರು ಸಿಗುವುದಿಲ್ಲ. ತೊಟ್ಟಿಯಿಂದ ಹೊರಬಂದ ನೀರನ್ನೂ ಬಾವಿಯಿಂದ ದೂರದ ತೆಂಗಿನ ಬುಡಕ್ಕೇ ಕೊಡಿ, ಸೊಪ್ಪು ತರಕಾರಿಗೆ ಬೇಡ.

ಈಗ ನಿಮ್ಮ ಮನೆ. ಎರೆಮಣ್ಣು ಮೋಸ ಮಾಡುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಕೊಡಗಟ್ಟಲೆ ಸುರಿದರೂ ಗಟಗಟ ಕುಡಿಯುತ್ತದೆ. ಅದನ್ನು ನೋಡಿ ಗೌಂಡಿಯವರು "ಇಲ್ಲಿ ಚೆನ್ನಾಗಿ ಇಂಗುತ್ತೆ" ಅಂದುಬಿಡುತ್ತಾರೆ. ಒಮ್ಮೆ ನೆನೆದು ಉಬ್ಬಿದರೆ ಬಿರುಕೆಲ್ಲ ಮುಚ್ಚಿ ಒಂದು ಹನಿಯೂ ಇಳಿಯುವುದಿಲ್ಲ. ಹಾಗಾಗಿ ಪರೀಕ್ಷೆ ಹೀಗೆ ಮಾಡಿ. ಒಂದಡಿ ಅಗಲದ ಕುಣಿ ತೋಡಿ, ಇಂಗುಗುಂಡಿ ಎಷ್ಟು ಆಳವೋ ಅಷ್ಟೇ ಆಳಕ್ಕೆ. ಸಂಜೆ ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಮತ್ತೆ ಅರ್ಧ ಅಡಿ ನೀರು ಹಾಕಿ, ಕಡ್ಡಿಗೆ ಗುರುತು ಮಾಡಿ ನಿಲ್ಲಿಸಿ. ಒಂದು ಇಂಚು ಇಳಿಯಲು ಒಂದು ತಾಸಿಗಿಂತ ಜಾಸ್ತಿ ಹಿಡಿದರೆ ಅಲ್ಲಿ ಇಂಗುಗುಂಡಿಗೆ ದುಡ್ಡು ಹಾಕಬೇಡಿ. ಎಷ್ಟೋ ಊರಲ್ಲಿ ಈ ಒಂದು ಕಡ್ಡಿ ಇಟ್ಟು ನೋಡದೆ ಸಾಲುಸಾಲು ಗುಂಡಿ ತೋಡಿ ರಾಡಿ ಮಾಡಿಟ್ಟಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮಗೂ ಜಲ್ಲಿ ತೊಟ್ಟಿಯೇ ಸರಿ. ಒಬ್ಬರಿಗೆ ದಿನಕ್ಕೆ ನಲ್ಲಿಯಿಂದ 55 ಲೀಟರ್ ನೀರು ಅಂತ ಹಿಡಿದರೆ, ಐದು ಜನರ ಮನೆಯಲ್ಲಿ 180ರಿಂದ 200 ಲೀಟರ್ ಬಚ್ಚಲು, ಅಡುಗೆಮನೆ ನೀರು ಬರುತ್ತದೆ. ಐದು ಚದರ ಮೀಟರ್ ತೊಟ್ಟಿ ಸಾಕು. ಅದಕ್ಕೂ ಮುಂಚೆ ಒಂದು ಚಿಕ್ಕ ಚೇಂಬರ್ ಕಟ್ಟಿಸಿ. ಮುಸುರೆ, ಎಣ್ಣೆ ಜಿಡ್ಡು ಅಲ್ಲೇ ನಿಲ್ಲಲಿ, ವಾರಕ್ಕೊಮ್ಮೆ ತೆಗೆಯಿರಿ. ಇಲ್ಲದಿದ್ದರೆ ಜಲ್ಲಿ ಕಟ್ಟಿಕೊಂಡು ವರ್ಷದೊಳಗೆ ತೊಟ್ಟಿ ಉಕ್ಕುತ್ತದೆ. ಹೊರಬಂದ ನೀರು ಬಾಳೆಗೆ ಹೋಗಲಿ.

ಬೀಗರ ಟ್ಯಾಂಕ್ ಕಟ್ಟಿದ ಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಹೀರುವ ಗಾಡಿ ಕರೆಸಿ ರಾಡಿ ತೆಗೆಸಬೇಕು. ಯಾರನ್ನೂ, ಎಷ್ಟೇ ದುಡ್ಡು ಕೊಟ್ಟೂ, ಒಳಗೆ ಇಳಿಸಬೇಡಿ. ಒಳಗಿನ ವಿಷಗಾಳಿಗೆ ಮನುಷ್ಯ ಕೂಗುವಷ್ಟರಲ್ಲಿ ಸಾಯುತ್ತಾನೆ. ರಕ್ಷಣಾ ಸಲಕರಣೆ ಇಲ್ಲದೆ ಹೀಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯೇ ನಿಷೇಧಿಸಿದೆ. ಗಾಡಿಯವರು ರಾಡಿ ಎಲ್ಲಿ ಸುರಿಯುತ್ತಾರೆ ಅಂತಲೂ ಕೇಳಲಿ. ಹಳ್ಳಕ್ಕೆ ಸುರಿದರೆ ಇನ್ನೊಬ್ಬರ ಬಾವಿ ಕೆಡುತ್ತದೆ. ದೇವನಹಳ್ಳಿಯಲ್ಲಿ 2015ರಿಂದ ಇಂಥ ರಾಡಿಯನ್ನು ಸಂಸ್ಕರಿಸುವ ಘಟಕವೇ ಇದೆ. ನಿಮ್ಮ ಪಂಚಾಯ್ತಿಯವರಿಗೂ ಹೋಗಿ ನೋಡಿ ಬರಲು ಹೇಳಿ.

ಅಳಿಯಂದಿರಿಗೆ ಇನ್ನೊಂದು ಮಾತು. ಜೋರು ಮಳೆಯಲ್ಲಿ ಟ್ಯಾಂಕ್ ಖಾಲಿ ಮಾಡಿಸಬಾರದು. ಸುತ್ತಲ ನೀರು ಕೆಳಗಿನಿಂದ ಒತ್ತಿದರೆ ಖಾಲಿ ಟ್ಯಾಂಕ್ ಮೇಲೇಳುತ್ತದೆ, ಪೈಪ್ ಮುರಿಯುತ್ತದೆ. ಪ್ಲಾಸ್ಟಿಕ್ ಟ್ಯಾಂಕ್ ಆದರಂತೂ ಇನ್ನೂ ಬೇಗ. ಕಟ್ಟುವುದು, ಖಾಲಿ ಮಾಡಿಸುವುದು ಎಲ್ಲ ಏಪ್ರಿಲ್ ಒಳಗೆ ಮುಗಿಸಲಿ. ಹಳೇ ಗುಂಡಿಯ ರಾಡಿ ತೆಗೆಸಿ, ಸುಣ್ಣ ಹಾಕಿ, ಮಣ್ಣು ತುಂಬಿ ಮುಚ್ಚಲಿ. ಮುಂದಿನ ಮಳೆಗಾಲದಲ್ಲಿ ಬಾವಿ ನೀರನ್ನು ಮತ್ತೆ ಪರೀಕ್ಷೆ ಮಾಡಿಸಲಿ, ಅಲ್ಲಿಯವರೆಗೂ ಕುದಿಸುವುದು ಬಿಡುವ ಹಾಗಿಲ್ಲ.