ಪರೀಕ್ಷೆ ಬದಲಾಗದೆ ಪಾಠ ಬದಲಾಗದು

ಪ್ರಶ್ನೆ: ನಾನು ಫಿಸಿಯೋಥೆರಪಿ ಕಾಲೇಜೊಂದರಲ್ಲಿ ಉಪನ್ಯಾಸಕಿ. ಹೊಸ ಬೋಧನಾ ವಿಧಾನಗಳ ಪ್ರಸ್ತಾಪ ಬಂದಾಗಲೆಲ್ಲ ಹಿರಿಯ ಸಹೋದ್ಯೋಗಿಗಳು, ಇರುವ ಪಠ್ಯಕ್ರಮವನ್ನು ಮುಗಿಸುವುದೇ ಕಷ್ಟವಾಗಿದೆ ಎನ್ನುತ್ತಾರೆ. ಬದಲಾವಣೆಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಹಿರಿಯರ ಮಾತನ್ನು ಹಟವೆಂದು ತಳ್ಳಿಹಾಕಬೇಡಿ. ಹೊಸ ಅಧ್ಯಾಯಗಳನ್ನು ಸೇರಿಸುತ್ತ ಹೋಗಿ ಹಳೆಯವುಗಳಲ್ಲಿ ಒಂದನ್ನೂ ಕೈಬಿಡದ ಪಠ್ಯಕ್ರಮದಲ್ಲಿ ಯಾವ ಹೊಸ ವಿಧಾನಕ್ಕೂ ಜಾಗ ಉಳಿಯುವುದಿಲ್ಲ ಎಂಬುದು ನಿಜ. ಆದರೆ ಪಠ್ಯಕ್ರಮವನ್ನೇ ತಿದ್ದಲು ಹೊರಟರೆ ಸಮಿತಿಗಳಲ್ಲೇ ವರ್ಷಗಳು ಕಳೆದುಹೋಗುತ್ತವೆ. ನನ್ನನ್ನು ಕೇಳಿದರೆ, ಪರೀಕ್ಷೆಯಿಂದ ಆರಂಭಿಸಿ. ವಿಶ್ವವಿದ್ಯಾಲಯದ ಅಂತಿಮ ಪರೀಕ್ಷೆ ನಿಮ್ಮ ಕೈಯಲ್ಲಿಲ್ಲದಿದ್ದರೆ ಆಂತರಿಕ ಮೌಲ್ಯಮಾಪನದಿಂದಲೇ ಆಗಲಿ. ವಿದ್ಯಾರ್ಥಿಗಳು ನಾವು ತರಗತಿಯಲ್ಲಿ ಮುಖ್ಯವೆಂದು ಹೇಳುವುದನ್ನಲ್ಲ, ಪರೀಕ್ಷೆಯಲ್ಲಿ ಅಂಕ ತರುವುದನ್ನು ಕಲಿಯುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಸ್ನಾಯುಗಳ ಮೂಲ ಮತ್ತು ಅಂಟುವ ಸ್ಥಾನಗಳನ್ನು ಒಪ್ಪಿಸಿದವರಿಗೆ ಪೂರ್ಣ ಅಂಕ ಕೊಡುತ್ತ, ರೋಗಿಯೊಡನೆ ಮಾತನಾಡಲು ಬಾರದೆಂದು ಅವರನ್ನೇ ಇಂಟರ್ನ್‌ಶಿಪ್‌ನಲ್ಲಿ ದೂರುವುದು ನ್ಯಾಯವಲ್ಲ.

ಈ ದಿಕ್ಕಿನಲ್ಲಿ ಬಹಳ ಹಿಂದೆಯೇ ದಾರಿ ಸಿದ್ಧವಾಗಿದೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ವೈದ್ಯಕೀಯ ಶಿಕ್ಷಕರಾಗಿದ್ದ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಹೋದ್ಯೋಗಿಗಳು 1975ರಲ್ಲಿ ವಿವರಿಸಿದ ಪ್ರಾಯೋಗಿಕ ಪರೀಕ್ಷಾ ಕ್ರಮ ಇಂದು ಆಸ್ಕಿ (OSCE) ಎಂಬ ಹೆಸರಿನಲ್ಲಿ ಪ್ರಚಲಿತವಾಗಿದೆ. ಇದರಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಹಲವು ಸ್ಟೇಷನ್‌ಗಳನ್ನು, ಅಂದರೆ ಪರೀಕ್ಷಾ ತಾಣಗಳನ್ನು, ಸರದಿಯಂತೆ ಹಾದುಹೋಗುತ್ತಾನೆ, ಒಂದೊಂದರಲ್ಲೂ ನಿಗದಿತ ಸಮಯದೊಳಗೆ ಒಂದು ಕೆಲಸವನ್ನು ಮಾಡಿ ತೋರಿಸುತ್ತಾನೆ, ಮತ್ತು ಎಲ್ಲರನ್ನೂ ಒಂದೇ ಮಾನದಂಡದಿಂದ ಅಳೆಯಲಾಗುತ್ತದೆ. ಹಾಗಾಗಿ ಸುಲಭದ ರೋಗಿ ಅಥವಾ ಮೃದು ಸ್ವಭಾವದ ಪರೀಕ್ಷಕ ಸಿಗುವ ಅದೃಷ್ಟದ ಪಾತ್ರ ಕಡಿಮೆಯಾಗುತ್ತದೆ. ನಮ್ಮ ಕ್ಷೇತ್ರಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಒಂದು ಸ್ಟೇಷನ್‌ನಲ್ಲಿ ಪಾರ್ಶ್ವವಾಯುವಾದವರನ್ನು ಹಾಸಿಗೆಯಿಂದ ಕುರ್ಚಿಗೆ ಸುರಕ್ಷಿತವಾಗಿ ವರ್ಗಾಯಿಸಬೇಕು. ಇನ್ನೊಂದರಲ್ಲಿ ಮಂಡಿನೋವಿನವರಿಗೆ ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ಅರ್ಥವಾಗುವಂತೆ ಹೇಳಿಕೊಡಬೇಕು. ಮತ್ತೊಂದರಲ್ಲಿ ಬೆನ್ನುನೋವಿನ ಜೊತೆಗೆ ಮೂತ್ರದ ಹಿಡಿತ ತಪ್ಪಿರುವ, ತೊಡೆಸಂದಿನ ಸುತ್ತ ಸ್ಪರ್ಶ ಗೊತ್ತಾಗದಿರುವ ವ್ಯಕ್ತಿಯನ್ನು ವ್ಯಾಯಾಮಕ್ಕೆ ಹಚ್ಚದೆ ತುರ್ತು ಚಿಕಿತ್ಸೆಗೆ ಕಳುಹಿಸುವ ವಿವೇಚನೆ ತೋರಿಸಬೇಕು. ಈ ಮೂರನೆಯದನ್ನು ಬರವಣಿಗೆಯ ಪ್ರಶ್ನೆಪತ್ರಿಕೆ ಸರಿಯಾಗಿ ಅಳೆಯಲಾರದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೇವಲ ಪರಿಶೀಲನಾ ಪಟ್ಟಿಗೆ ಟಿಕ್ ಹಾಕುವ ಆಸ್ಕಿಯು ವಿದ್ಯಾರ್ಥಿಗಳನ್ನು ಬಾಯಿಪಾಠದ ನಟರನ್ನಾಗಿ ಮಾಡುತ್ತದೆ. ಆದ್ದರಿಂದ ಪ್ರತಿ ಸ್ಟೇಷನ್‌ನ ಕೊನೆಯಲ್ಲಿ, ಇದನ್ನೇ ಏಕೆ ಆರಿಸಿದಿರಿ ಎಂಬ ಪ್ರಶ್ನೆಗೂ ಅಂಕವಿಡಿ. ಪರೀಕ್ಷೆ ಹೀಗೆ ಬದಲಾದ ಮೇಲೆ ಪಾಠದ ರೀತಿ ಬದಲಿಸಲು ವಿದ್ಯಾರ್ಥಿಗಳೇ ನಿಮ್ಮನ್ನು ಒತ್ತಾಯಿಸುತ್ತಾರೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 1969ರಲ್ಲಿ ತನ್ನ ಮೊದಲ ತಂಡದಿಂದಲೇ ಅನುಸರಿಸಿದ ಸಮಸ್ಯಾಧಾರಿತ ಕಲಿಕೆಯನ್ನು ಆಗ ಒಂದೇ ವಿಷಯದ ಒಂದೇ ಘಟಕದಲ್ಲಿ ಪ್ರಯತ್ನಿಸಿ. ಅಲ್ಲಿ ವಿದ್ಯಾರ್ಥಿಗಳ ಸಣ್ಣ ಗುಂಪು ರೋಗಿಯ ವೃತ್ತಾಂತದಿಂದ ಹೊರಟು ತನಗೆ ತಿಳಿಯದ್ದನ್ನು ತಾನೇ ಹುಡುಕಿಕೊಳ್ಳುತ್ತದೆ. ಇದರಲ್ಲಿ ನಿಜವಾಗಿ ಕಷ್ಟಪಡುವವರು ಶಿಕ್ಷಕರು. ಉತ್ತರ ಗೊತ್ತಿದ್ದೂ ಬಾಯಿ ಬಿಗಿಹಿಡಿದು ಕೂರುವುದಕ್ಕೆ ಅಭ್ಯಾಸ ಬೇಕು. ಆ ಅಭ್ಯಾಸಕ್ಕಾಗಿ ಬೋಧನಾ ಅವಧಿಯಲ್ಲಿ ವಿನಾಯಿತಿ ನೀಡದೆ ಹೊಸತನವನ್ನು ನಿರೀಕ್ಷಿಸುವ ಆಡಳಿತ ಮಂಡಳಿಗೆ ಸಿಗುವುದು ಹಳೆಯ ಉಪನ್ಯಾಸವೇ, ಹೊಸ ಹೆಸರಿನಲ್ಲಿ.

ಪ್ರಶ್ನೆ: ಸಿಮ್ಯುಲೇಷನ್ ಪ್ರಯೋಗಾಲಯದಲ್ಲಿ, ಅಂದರೆ ಗೊಂಬೆಗಳ ಅಥವಾ ರೋಗಿಯಂತೆ ನಟಿಸುವವರ ಮೇಲೆ, ಕಲಿತವರು ನಿಜವಾದ ರೋಗಿಗಳ ಮುಂದೆ ತಡವರಿಸುವುದಿಲ್ಲವೇ?

ಉತ್ತರ: ಆಸ್ಪತ್ರೆಯ ಪೋಸ್ಟಿಂಗನ್ನೇ ರದ್ದುಮಾಡಿದರೆ ತಡವರಿಸಬಹುದು. ಆದರೆ ಆಸ್ಟ್ರೇಲಿಯಾದ ಫಿಸಿಯೋಥೆರಪಿ ವಿದ್ಯಾರ್ಥಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಎರಡು ಯಾದೃಚ್ಛಿಕ ಪ್ರಯೋಗಗಳಲ್ಲಿ (ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗಗಳು) ಕ್ಲಿನಿಕಲ್ ತರಬೇತಿಯ ಕಾಲು ಭಾಗವನ್ನು ಸಿಮ್ಯುಲೇಷನ್‌ಗೆ ಬಿಟ್ಟುಕೊಡಲಾಯಿತು. ಅಂತ್ಯದಲ್ಲಿ ಆ ವಿದ್ಯಾರ್ಥಿಗಳ ಸಾಮರ್ಥ್ಯ ಪೂರ್ತಿ ಅವಧಿಯನ್ನು ರೋಗಿಗಳ ನಡುವೆ ಕಳೆದವರಿಗಿಂತ ಕಡಿಮೆಯೇನೂ ಇರಲಿಲ್ಲ. ಅಲ್ಲಿ ರೋಗಿಯ ಪಾತ್ರ ವಹಿಸಲು ತರಬೇತಿ ಪಡೆದವರಿದ್ದರು ಎಂಬುದನ್ನು ಗಮನಿಸಬೇಕು. ದುಬಾರಿ ಗೊಂಬೆಯನ್ನು ಕೊಂಡು ಬೀಗ ಹಾಕಿಟ್ಟ ಮಾತ್ರಕ್ಕೆ ಆ ಫಲ ಬಾರದು. ಕಾಲು ಭಾಗದ ಬಗ್ಗೆ ಬಂದ ಫಲಿತಾಂಶವನ್ನು ಅರ್ಧಕ್ಕೋ ಮುಕ್ಕಾಲಿಗೋ ಹಿಗ್ಗಿಸಿ ಓದುವುದೂ ಸರಿಯಲ್ಲ.

ಪ್ರಶ್ನೆ: ವಿದ್ಯುತ್ ಪ್ರವಾಹ, ಧ್ವನಿತರಂಗಗಳ ಯಂತ್ರಗಳಿಂದ ಮಾಡುವ ಎಲೆಕ್ಟ್ರೋಥೆರಪಿಗೆ ಪುರಾವೆ ಕಡಿಮೆ ಎನ್ನುತ್ತಾರೆ. ಅದನ್ನು ಪಠ್ಯಕ್ರಮದಿಂದ ತೆಗೆದುಹಾಕಬೇಕೇ?

ಉತ್ತರ: ತೆಗೆಯಬೇಕಾಗಿಲ್ಲ, ಕುಗ್ಗಿಸಬೇಕು, ಜೊತೆಗೆ ಕಲಿಸುವ ಧೋರಣೆಯನ್ನು ಬದಲಿಸಬೇಕು. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಸೊಂಟನೋವಿಗೆ ಅಲ್ಟ್ರಾಸೌಂಡ್ (ಶ್ರವಣಾತೀತ ಧ್ವನಿತರಂಗ), ಟೆನ್ಸ್ ಮತ್ತು ಐಎಫ್‌ಟಿ (ಚರ್ಮದ ಮೂಲಕ ವಿದ್ಯುತ್ ಹಾಯಿಸುವ ಎರಡು ವಿಧಾನಗಳು) ಚಿಕಿತ್ಸೆಗಳನ್ನು ನೀಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ತಿಳಿಸದೆ, ಯಂತ್ರದ ಗುಂಡಿಗಳನ್ನು ಮಾತ್ರ ಕಲಿಸುವುದು ವಿದ್ಯಾರ್ಥಿಗೆ ಮಾಡುವ ಮೋಸ. ಹಾಗೆಂದು ಯಂತ್ರಗಳನ್ನು ಹೀಗಳೆದು ವ್ಯಾಯಾಮವನ್ನು ಪ್ರಶ್ನಾತೀತವಾಗಿಸುವುದೂ ತಪ್ಪು. ಐದು ದೇಶಗಳ 2104 ಪಾರ್ಶ್ವವಾಯು ರೋಗಿಗಳನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಅವರ್ಟ್ (AVERT) ಪ್ರಯೋಗವು, ಮೊದಲ 24 ಗಂಟೆಗಳೊಳಗೆ ಹೆಚ್ಚು ಪ್ರಮಾಣದಲ್ಲಿ ಎಬ್ಬಿಸಿ ನಡೆದಾಡಿಸುವುದರಿಂದ ಚೇತರಿಕೆ ಹೆಚ್ಚೀತು ಎಂಬ ನಿರೀಕ್ಷೆಯನ್ನು ಹುಸಿಗೊಳಿಸಿತು: ಮೂರು ತಿಂಗಳ ನಂತರ ಒಳ್ಳೆಯ ಫಲಿತಾಂಶ ಕಂಡವರು ಆ ಗುಂಪಿನಲ್ಲಿ ಶೇಕಡಾ 46, ಎಂದಿನ ಆರೈಕೆ ಪಡೆದವರಲ್ಲಿ ಶೇಕಡಾ 50. ಆ ಅಧ್ಯಯನದ ಮುಂದಾಳು ಜೂಲಿ ಬರ್ನ್‌ಹಾರ್ಟ್ ಸ್ವತಃ ಫಿಸಿಯೋಥೆರಪಿಸ್ಟ್.

ಇಂಥ ಫಲಿತಾಂಶಗಳನ್ನು ಪಟ್ಟಿಮಾಡಿ ಬಾಯಿಪಾಠ ಮಾಡಿಸಬೇಡಿ. ಸಿಡ್ನಿಯಿಂದ 1999ರಲ್ಲಿ ಆರಂಭವಾದ ಪೆಡ್ರೋ (PEDro) ದತ್ತಾಂಶಕೋಶ ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯವಿದ್ದು, ಫಿಸಿಯೋಥೆರಪಿಯ ಪ್ರಯೋಗಗಳ ಗುಣಮಟ್ಟವನ್ನು ಹತ್ತರ ಮಾಪಕದಲ್ಲಿ ಸೂಚಿಸುತ್ತದೆ. ಪೋಸ್ಟಿಂಗ್‌ನಲ್ಲಿರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಕಂಡ ಒಬ್ಬ ರೋಗಿಯ ವಿಷಯದಲ್ಲಿ ಒಂದು ಪ್ರಶ್ನೆಯನ್ನು ಅಲ್ಲಿ ಹುಡುಕಿ, ಸಿಕ್ಕ ಉತ್ತರವನ್ನು ವಾರ್ಡಿನ ಮೇಲ್ವಿಚಾರಕರ ಮುಂದೆ ಮಂಡಿಸಲಿ. ಮೇಲ್ವಿಚಾರಕರ ರೂಢಿಗೆ ವಿರುದ್ಧವಾದ ಉತ್ತರ ಸಿಕ್ಕ ವಿದ್ಯಾರ್ಥಿಯ ಅಂಕ ಅದಕ್ಕಾಗಿ ಕಡಿತವಾಗದು ಎಂಬ ಭರವಸೆಯನ್ನು ವಿಭಾಗದ ಮುಖ್ಯಸ್ಥರು ಮೊದಲೇ ಲಿಖಿತವಾಗಿ ಕೊಡಬೇಕು.